ತಲೆಯಿಲ್ಲದ ಫೈಲಿನಿಂದ ದನಿ ತೆಗೆಯುವುದು ಹೀಗೆ

ಶಿವಮೊಗ್ಗದಲ್ಲಿ ನಮ್ಮ ಚಿಕ್ಕಪ್ಪನದೊಂದು ಸಣ್ಣ ಮುದ್ರಣಾಲಯವಿತ್ತು. ತೊಂಬತ್ತರ ದಶಕದ ಕೊನೆಗೆ ಅವರು ಅಲ್ಲಿನ ಕಂಪ್ಯೂಟರಿಗೆ ವಾಯ್ಸ್-ಫ್ಯಾಕ್ಸ್ ಮೋಡೆಮ್ ಒಂದನ್ನು ಹಾಕಿಸಿದ್ದರು. ರಾತ್ರಿ ಬಾಗಿಲು ಹಾಕಿದ ಮೇಲೆ ಫೋನ್ ಬಂದರೆ ಮೋಡೆಮ್ಮೇ ಎತ್ತಿಕೊಳ್ಳುತ್ತಿತ್ತು. ಚಿಕ್ಕಪ್ಪನ ದನಿಯಲ್ಲೇ ‘ಅಂಗಡಿ ಮುಚ್ಚಿದೆ, ಪೀಂ ಅಂದ ಮೇಲೆ ವಿಷಯ ಹೇಳಿ’ ಎಂದು ಹೇಳಿಸಿ, ಕರೆ ಮಾಡಿದವರ ಮಾತನ್ನು ಹಾರ್ಡ್ ಡಿಸ್ಕಿಗೆ ತುಂಬಿಕೊಳ್ಳುತ್ತಿತ್ತು. ಲಗ್ನಪತ್ರಿಕೆಯಲ್ಲಿ ‘ಸುಖಾಗಮನ ಬಯಸುವವರು’ ಪಟ್ಟಿಗೆ ಇನ್ನೊಬ್ಬ ಭಾವನ ಹೆಸರು ಸೇರಿಸಿ ಎಂಬಂಥ ಮಾತುಗಳೇ ಹೆಚ್ಚು. ಚಿಕ್ಕಪ್ಪ ಹೋಗಿ ಎಷ್ಟೋ ವರ್ಷಗಳಾದ ಮೇಲೆ ಚಿಕ್ಕಮ್ಮ ಒಂದು ಸೀಡಿ ಕೈಗಿಟ್ಟರು. “ಇದ್ರಲ್ಲಿ ನಿಮ್ಮ ಚಿಕ್ಕಪ್ಪನ ದನಿ ಇರ್ಬೇಕು ಕಣೋ, ಸ್ವಲ್ಪ ನೋಡು” ಅಂದರು.

ಸೀಡಿಯಲ್ಲಿ ಐವತ್ತಕ್ಕೂ ಹೆಚ್ಚು ಫೈಲುಗಳಿದ್ದವು. ಹೆಸರಿನ ಜಾಗದಲ್ಲಿ ಬರೀ ಅಂಕಿ, ಎಕ್ಸ್‌ಟೆನ್ಶನ್ ಇಲ್ಲ. ಯಾವ ಪ್ಲೇಯರಿಗೆ ಕೊಟ್ಟರೂ ಗೊತ್ತಿಲ್ಲ ಎಂದು ವಾಪಸು ತಳ್ಳುತ್ತಿತ್ತು. ಅವನ್ನು ಬಿಡಿಸಲು ನಾನು ಪಟ್ಟ ಪಾಡಿನಲ್ಲಿ ಅರ್ಧ ಅನಗತ್ಯವಾಗಿತ್ತು. ನಿಮಗೆ ಅದು ತಪ್ಪಲಿ ಎಂದು ಕ್ರಮವಾಗಿ ಬರೆಯುತ್ತಿದ್ದೇನೆ. ಪ್ರೋಗ್ರಾಮಿಂಗ್ ಬರಬೇಕಾಗಿಲ್ಲ. ಭಾಗಾಕಾರ ಬಂದರೆ ಸಾಕು, ಕಿವಿ ನೆಟ್ಟಗಿರಬೇಕು.

ಮೊದಲಿಗೆ ಒಂದು ಮಾತು. ದನಿಯ ಫೈಲ್ ಎಂದರೆ ಅಂಕಿಗಳ ಸಾಲು, ಅಷ್ಟೇ. ಆ ಸಾಲಿನಿಂದ ಮಾತು ಹೊರಡಬೇಕಾದರೆ ಮೂರು ಪ್ರಶ್ನೆಗೆ ಉತ್ತರ ಗೊತ್ತಿರಬೇಕು: ಸೆಕೆಂಡಿಗೆ ಎಷ್ಟು ಸಲ ಅಳೆದಿದ್ದಾರೆ, ಒಂದೊಂದು ಅಳತೆಗೆ ಎಷ್ಟು ಬಿಟ್ ಕೊಟ್ಟಿದ್ದಾರೆ, ಯಾವ ಲೆಕ್ಕದಲ್ಲಿ ಬರೆದಿದ್ದಾರೆ. ಈಗಿನ ಫೈಲುಗಳು ಇದನ್ನೆಲ್ಲ ತಲೆಯಲ್ಲೇ, ಅಂದರೆ ಹೆಡರಿನಲ್ಲಿ, ಬರೆದುಕೊಂಡು ಬರುತ್ತವೆ. ಹಳೆಯ ಮೋಡೆಮ್ಮಿನವು ಹಾಗಲ್ಲ. ತಾನು ಬರೆದದ್ದನ್ನು ತಾನೇ ತಾನೆ ಓದುವುದು ಎಂಬ ಧೈರ್ಯದಲ್ಲಿ ತಲೆಯನ್ನೇ ಬಿಟ್ಟು ಬರೀ ಮುಂಡ ಉಳಿಸಿದಂಥವು. ಆ ಮೂರು ಉತ್ತರಗಳನ್ನು ನಾವೇ ಹುಡುಕಬೇಕು.

ಹಂತ 1: ನಕಲು ಮಾಡಿ, ಸಾಮಾನು ಜೋಡಿಸಿಕೊಳ್ಳಿ

ಮೂಲ ಫೈಲುಗಳನ್ನು ಬೇರೆ ಫೋಲ್ಡರಿಗೆ ನಕಲು ಮಾಡಿ, ಮೂಲವನ್ನು ಮುಟ್ಟದೆ ಇಡಿ. ಬೇಕಾಗುವುದು ಮೂರು: ಆಡಾಸಿಟಿ ಎಂಬ ಉಚಿತ ತಂತ್ರಾಂಶ, ಯಾವುದಾದರೂ ಹೆಕ್ಸ್ ಎಡಿಟರ್, ಕ್ಯಾಲ್ಕುಲೇಟರ್. ಹೆಕ್ಸ್ ಎಡಿಟರ್ ಎಂದರೆ ಫೈಲಿನ ಒಂದೊಂದು ಬೈಟನ್ನೂ ಎರಡಕ್ಷರದ ಅಂಕಿಯಾಗಿ ತೋರಿಸುವ ಕಿಟಕಿ. ಅಲ್ಲಿ 0ಯಿಂದ 9ರವರೆಗೆ ಅಂಕಿ, ಆಮೇಲೆ ಎ ಬಿ ಸಿ ಡಿ ಇ ಎಫ್, ಒಟ್ಟು ಹದಿನಾರು ಗುರುತು. ನಾನು ‘ಹೆಕ್ಸ್ 10’ ಎಂದು ಬರೆದಾಗ ಅದನ್ನು ಹತ್ತು ಎಂದು ಓದಬೇಡಿ, ಅದು ಹದಿನಾರು.

ಹಂತ 2: ತಲೆ ಇದೆಯೇ ನೋಡಿ

ಹೆಕ್ಸ್ ಎಡಿಟರಿನಲ್ಲಿ ಫೈಲ್ ತೆರೆದು ಮೊದಲ ಕೆಲವು ಅಕ್ಷರಗಳನ್ನು ಓದಿ. ಬಲಗಡೆಯ ಅಂಕಣದಲ್ಲಿ ಅವು ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ.

‘ಆರ್ ಐ ಎಫ್ ಎಫ್’ ಎಂದಿದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ, ಅದು ವೇವ್ ಫೈಲ್. ಸೊನ್ನೆಯಿಂದ ಎಣಿಸಿ ಇಪ್ಪತ್ತನೆಯ ಬೈಟಿನಲ್ಲಿ ಬರವಣಿಗೆಯ ಬಗೆ ಇರುತ್ತದೆ: 1 ಇದ್ದರೆ ನೇರ ಪಿಸಿಎಂ (ಅಳತೆಯನ್ನು ಹಾಗೆಯೇ ಬರೆದದ್ದು), 6 ಇದ್ದರೆ ಎ-ಲಾ, 7 ಇದ್ದರೆ ಮ್ಯೂ-ಲಾ, ಹೆಕ್ಸ್ 11 ಇದ್ದರೆ ಐಎಂಎ ಎಡಿಪಿಸಿಎಂ (ಇದರ ವಿವರ ಹಂತ 5ರಲ್ಲಿ), ಹೆಕ್ಸ್ 31 ಇದ್ದರೆ ಜಿಎಸ್‌ಎಂ. ‘ಆರ್ ಎಂ ಡಿ 1’ ಎಂದಿದ್ದರೆ ಲಿನಕ್ಸಿನ ವಿಗೆಟ್ಟಿ ಬರೆದ ‘ಕಚ್ಚಾ ಮೋಡೆಮ್ ಡೇಟಾ’. ಗರ್ಟ್ ಡೋರಿಂಗ್ ಬರೆದ ಎಂಗೆಟ್ಟಿ ಎಂಬ ಮೋಡೆಮ್ ತಂತ್ರಾಂಶಕ್ಕೆ ಮಾರ್ಕ್ ಎಬರ್ಹಾರ್ಡ್ ಸೇರಿಸಿದ ದನಿಯ ಭಾಗ ಈ ವಿಗೆಟ್ಟಿ. ಇದರಲ್ಲಿ 32 ಬೈಟಿನ ತಲೆ ಇರುತ್ತದೆ. ಮೋಡೆಮ್ಮಿನ ಹೆಸರು, ವೇಗ, ಬಿಟ್ ಎಲ್ಲ ಅದರಲ್ಲೇ ಸಿಗುತ್ತವೆ. ‘ಪಿ ವಿ ಎಫ್ 1’ ಎಂದಿದ್ದರೆ ಅದೇ ಮನೆತನದ ನಡುವಿನ ರೂಪ. ತೈವಾನಿನ ಜೈಕ್ಸೆಲ್ ಮೋಡೆಮ್ಮಿನ ಕೆಲವು ಫೈಲುಗಳು ಕಂಪನಿಯ ಹೆಸರಿನಿಂದಲೇ ಶುರುವಾಗುತ್ತವೆ. ‘ಐ ಐ’ ಅಥವಾ ‘ಎಂ ಎಂ’ ಎಂದಿದ್ದರೆ ಅದು ದನಿಯೇ ಅಲ್ಲ, ಬಂದ ಫ್ಯಾಕ್ಸಿನ ಪುಟವನ್ನು ಟಿಫ್ ಚಿತ್ರವಾಗಿ ಇಟ್ಟದ್ದು. ಅದನ್ನು ಚಿತ್ರ ನೋಡುವ ತಂತ್ರಾಂಶಕ್ಕೆ ಕೊಡಿ.

ಫೈಲಿನ ಹೆಸರಿನ ಬಾಲವನ್ನು ಮಾತ್ರ ನಂಬಬೇಡಿ. ‘ವೇವ್’ ಎಂದು ಬಾಲ ಅಂಟಿಸಿಕೊಂಡ ತಲೆಯಿಲ್ಲದ ಫೈಲುಗಳನ್ನು ನಾನು ಕಂಡಿದ್ದೇನೆ.

ಇವ್ಯಾವುವೂ ಇಲ್ಲದೆ ಮೊದಲ ಸಾಲಿನಿಂದಲೇ ಗೊಂದಲ ಇದ್ದರೆ ಮುಂದಿನ ಹಂತಕ್ಕೆ ಬನ್ನಿ. ಚಿಕ್ಕಪ್ಪನವು ಎಲ್ಲವೂ ಹಾಗೇ ಇದ್ದವು.

ಹಂತ 3: ಗಾತ್ರವನ್ನು ಸಮಯದಿಂದ ಭಾಗಿಸಿ

ನನ್ನ ಮಟ್ಟಿಗೆ ಇದೇ ಮುಖ್ಯ ಹಂತ. ಇದನ್ನು ಬಿಟ್ಟು ನೇರ ಆಡಾಸಿಟಿಗೆ ಹಾರಿದ್ದಕ್ಕೇ ನನ್ನ ಒಂದು ಭಾನುವಾರ ಹಾಳಾಯಿತು.

ಟೆಲಿಫೋನ್ ತಂತಿಯಲ್ಲಿ ಹಾಯುವುದು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ದನಿ. ಯಾವ ಕಂಪನವನ್ನೇ ಆಗಲಿ ಅಂಕಿಯಾಗಿ ಹಿಡಿಯಬೇಕಾದರೆ ಅದರ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆಯಬೇಕು. 3400ರ ಎರಡರಷ್ಟು 6800. ಟೆಲಿಫೋನ್ ಎಕ್ಸ್‌ಚೇಂಜುಗಳು ಸ್ವಲ್ಪ ಧಾರಾಳವಾಗಿ 8000 ಎಂದು ಗೊತ್ತು ಮಾಡಿಕೊಂಡವು. 1972ರ ಜಿ.711 ಎಂಬ ಅಂತರರಾಷ್ಟ್ರೀಯ ನಿಯಮದಲ್ಲಿ ಸೆಕೆಂಡಿಗೆ 8000 ಅಳತೆ, ಒಂದೊಂದಕ್ಕೆ 8 ಬಿಟ್, ಅಂದರೆ ಸೆಕೆಂಡಿಗೆ 8000 ಬೈಟ್. ಆ ನಿಯಮದಲ್ಲಿ ಎರಡು ಪಂಗಡ. ಅಮೆರಿಕ, ಜಪಾನಿನವು ಮ್ಯೂ-ಲಾ. ಯೂರೋಪು ಮತ್ತು ಭಾರತದ್ದು ಎ-ಲಾ. 1986ರಲ್ಲಿ ನಮ್ಮ ಕಿತ್ತೂರಿನಲ್ಲಿ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ಮೊದಲ ಗ್ರಾಮೀಣ ಡಿಜಿಟಲ್ ಎಕ್ಸ್‌ಚೇಂಜ್ ಕೂತ ಕಾಲದಿಂದ ನಮ್ಮ ಹಳ್ಳಿಗಳ ಮಾತೂ ಅಂಕಿಯಾಗಿಯೇ ಹರಿಯತೊಡಗಿತು.

ಮೋಡೆಮ್ ತಯಾರಿಸಿದವರಿಗೆ 8000 ಬೈಟ್ ದುಬಾರಿ. ಕಂಪ್ಯೂಟರಿಗೂ ಮೋಡೆಮ್ಮಿಗೂ ನಡುವೆ ಇದ್ದದ್ದು ಸೀರಿಯಲ್ ಪೋರ್ಟ್ ಎಂಬ ಕಿರಿದಾದ ಓಣಿ. ಅದರಲ್ಲಿ ಒಂದು ಬೈಟ್ ಸಾಗಬೇಕಾದರೆ ಹಿಂದೆ ಮುಂದೆ ಒಂದೊಂದು ಕಾವಲು ಬಿಟ್ ಸೇರಿ ಹತ್ತು ಬಿಟ್ ಆಗುತ್ತದೆ. 38,400ರ ವೇಗದಲ್ಲಿ ಹಾಯುವುದು ಸೆಕೆಂಡಿಗೆ 3840 ಬೈಟ್ ಮಾತ್ರ. ಈಗ ರಾಕ್‌ವೆಲ್ ಕಂಪನಿಯ ಮೋಡೆಮ್ ಚಿಪ್ಪಿನ ಲೆಕ್ಕ ನೋಡಿ: ಸೆಕೆಂಡಿಗೆ 7200 ಅಳತೆ, ಒಂದೊಂದಕ್ಕೆ 4 ಬಿಟ್, ಒಟ್ಟು 3600 ಬೈಟ್. ಓಣಿಯ ಗೋಡೆಗೆ ಭುಜ ತಾಗುವುದೊಂದು ಬಾಕಿ, ಆದರೂ ನುಸುಳಿತು. ಓಣಿ 19,200ರದಾಗಿದ್ದರೆ ಹಾಯುವುದು 1920 ಬೈಟ್, ಆಗ 2 ಬಿಟ್ಟಿಗೆ ಇಳಿದು 1800ರಲ್ಲಿ ಕೆಲಸ ಮುಗಿಸಬೇಕು. ಈ ಅಂಕಿಗಳು ಆಕಾಶದಿಂದ ಬಿದ್ದವಲ್ಲ, ಓಣಿಯ ಅಗಲಕ್ಕೆ ತಕ್ಕಂತೆ ಹೊಲಿದ ಅಂಗಿ.

ಆದ್ದರಿಂದ ಯಾವುದಾದರೂ ಒಂದು ಸಂದೇಶ ಎಷ್ಟು ಸೆಕೆಂಡಿನದು ಎಂದು ಗೊತ್ತಿದ್ದರೆ, ಫೈಲಿನ ಗಾತ್ರವನ್ನು ಅದರಿಂದ ಭಾಗಿಸಿ. ಮೋಡೆಮ್ ತಂತ್ರಾಂಶ ಕರೆಗಳ ಪಟ್ಟಿಯನ್ನು ಅಕ್ಷರದ ಫೈಲಾಗಿ ಇಟ್ಟಿರುವುದುಂಟು, ಹುಡುಕಿ. ಇಲ್ಲದಿದ್ದರೆ ಉತ್ತರದ ಯಂತ್ರಕ್ಕೆ ಸಾಮಾನ್ಯವಾಗಿ ಒಂದು ಗರಿಷ್ಠ ಮಿತಿ ಇರುತ್ತದೆ. ಹಲವು ಫೈಲುಗಳು ಒಂದೇ ಗಾತ್ರದಲ್ಲಿ ನಿಂತಿದ್ದರೆ ಆ ಗಾತ್ರವೇ ಮಿತಿ, ಅದು ಒಂದು ನಿಮಿಷವೋ ಎರಡು ನಿಮಿಷವೋ ಇರಬಹುದು. ಚಿಕ್ಕಪ್ಪನ ಸೀಡಿಯಲ್ಲಿ ನಾಲ್ಕು ಫೈಲುಗಳು 2,16,000 ಬೈಟಿನ ಆಸುಪಾಸಿನಲ್ಲಿದ್ದವು. ಅರವತ್ತರಿಂದ ಭಾಗಿಸಿದರೆ 3600. ಆವತ್ತೇ ಭಾಗಿಸಿದ್ದರೆ!

ಭಾಗಿಸಿದಾಗ ಬರುವ ಉತ್ತರಗಳು ಹೀಗೆ. 8000 ಬಂದರೆ ಎ-ಲಾ, ಮ್ಯೂ-ಲಾ ಅಥವಾ ಎಂಟು ಬಿಟ್ಟಿನ ಸಾದಾ ಪಿಸಿಎಂ. 4000 ಬಂದರೆ 8000 ಹರ್ಟ್ಸ್‌ನ 4 ಬಿಟ್ ಎಡಿಪಿಸಿಎಂ: ಡಯಲಾಜಿಕ್ ಕಂಪನಿಯ ಟೆಲಿಫೋನ್ ಕಾರ್ಡುಗಳ ವಾಕ್ಸ್ ಎಂಬ ಬಗೆ ಇರಬಹುದು, ಯುಎಸ್ ರೋಬೋಟಿಕ್ಸ್ ಮೋಡೆಮ್ಮಿನ ಜಿ.721 ಇರಬಹುದು. 3000 ಬಂದರೆ 6000 ಹರ್ಟ್ಸ್‌ನ ವಾಕ್ಸ್. 2700 ಬಂದರೆ ರಾಕ್‌ವೆಲ್ 3 ಬಿಟ್, 1800 ಬಂದರೆ 2 ಬಿಟ್. 1650ರ ಹತ್ತಿರ ಬಂದರೆ ಜಿಎಸ್‌ಎಂ: 20 ಮಿಲಿಸೆಕೆಂಡಿಗೆ 33 ಬೈಟಿನ ಒಂದು ಕಟ್ಟು, ಸೆಕೆಂಡಿಗೆ ಅಂಥ ಐವತ್ತು. 3600ಕ್ಕೆ ಮಾತ್ರ ಇಬ್ಬರು ಹಕ್ಕುದಾರರಿದ್ದಾರೆ. ರಾಕ್‌ವೆಲ್‌ನ 7200 ಗುಣಿಸು 4 ಬಿಟ್ ಆದರೂ ಅಷ್ಟೇ, ಜೈಕ್ಸೆಲ್‌ನ 9600 ಗುಣಿಸು 3 ಬಿಟ್ ಆದರೂ ಅಷ್ಟೇ. ಹಳೆಯ ಮೋಡೆಮ್ ಡಬ್ಬಿ ಅಟ್ಟದ ಮೇಲೆ ಇದ್ದರೆ ಹೋಗಿ ಹೆಸರು ನೋಡಿಕೊಂಡು ಬನ್ನಿ, ಅದೇ ಸುಲಭ.

ಹಂತ 4: ಮೌನ ಇರುವ ಕಡೆ ಇಣುಕಿ

ಮಾತಿನ ನಡುವೆ, ಕೊನೆಯಲ್ಲಿ ಮೌನ ಇದ್ದೇ ಇರುತ್ತದೆ. ಒಂದೊಂದು ಲೆಕ್ಕದಲ್ಲಿ ಮೌನಕ್ಕೆ ಒಂದೊಂದು ಮುಖ. ಹೆಕ್ಸ್ ಎಡಿಟರಿನಲ್ಲಿ ಫೈಲಿನ ಕೊನೆಯ ಭಾಗಕ್ಕೆ ಹೋಗಿ. ‘ಡಿ5’ ಮತ್ತು ‘55’ ತುಂಬಿದ್ದರೆ ಎ-ಲಾ. ‘ಎಫ್‌ಎಫ್’ ಮತ್ತು ‘7ಎಫ್’ ತುಂಬಿದ್ದರೆ ಮ್ಯೂ-ಲಾ. ‘80’ರ ಸುತ್ತಮುತ್ತ ಆಡುತ್ತಿದ್ದರೆ ಎಂಟು ಬಿಟ್ಟಿನ ಸಾದಾ ಪಿಸಿಎಂ. 0 ಮತ್ತು 8 ಎಂಬ ಎರಡೇ ಗುರುತು ‘08’, ‘80’, ‘88’ ಎಂದು ಕುಣಿಯುತ್ತಿದ್ದರೆ ವಾಕ್ಸ್. ಪ್ರತಿ 33ನೆಯ ಬೈಟೂ ‘ಡಿ’ಯಿಂದಲೇ ಶುರುವಾಗುತ್ತಿದ್ದರೆ ಜಿಎಸ್‌ಎಂ.

ಎ-ಲಾ, ಮ್ಯೂ-ಲಾ ಎರಡರ ಉಪಾಯವೂ ಒಂದೇ. ಸಣ್ಣ ದನಿಯನ್ನು ಅಕ್ಕಸಾಲಿಗನ ತಕ್ಕಡಿಯಲ್ಲಿ, ದೊಡ್ಡ ದನಿಯನ್ನು ಮಂಡಿಯ ತಕ್ಕಡಿಯಲ್ಲಿ ತೂಗುವುದು. ಗುಂಜಿಯ ವ್ಯತ್ಯಾಸ ಚಿನ್ನಕ್ಕೆ ಬೇಕು, ಅಕ್ಕಿ ಮೂಟೆಗೆ ಬೇಡ. ಹಾಗಾಗಿ ಎಂಟೇ ಬಿಟ್ಟಿನಲ್ಲಿ ಹದಿಮೂರು, ಹದಿನಾಲ್ಕು ಬಿಟ್ಟಿನ ವ್ಯಾಪ್ತಿ ಸಿಗುತ್ತದೆ.

ಹಂತ 5: ಎಡಿಪಿಸಿಎಂ ಅನ್ನು ಒಮ್ಮೆ ಕೈಯಲ್ಲೇ ಬಿಡಿಸಿ

ಆತುರವಿದ್ದವರು ಈ ಹಂತ ಬಿಟ್ಟು ಮುಂದೆ ಹೋಗಬಹುದು. ಆದರೆ ಹತ್ತು ನಿಮಿಷ ಪೆನ್ಸಿಲ್ ಹಿಡಿದರೆ ಮುಂದೆ ಏನು ಕೆಟ್ಟಿದೆ ಎಂದು ಕಿವಿಗೇ ಗೊತ್ತಾಗುತ್ತದೆ.

ಅಡಿಕೆ ಧಾರಣೆಯನ್ನು ನೆನಪಿಸಿಕೊಳ್ಳಿ. ದಿನವೂ ಪೂರ್ತಿ ಬೆಲೆ ಬರೆಯುವ ಬದಲು ನಿನ್ನೆಗಿಂತ ಎಷ್ಟು ಏರಿತು, ಎಷ್ಟು ಇಳಿಯಿತು ಎಂದಷ್ಟೇ ಬರೆದರೆ ಕಡಿಮೆ ಅಂಕಿ ಸಾಕು. ಪೇಟೆ ಶಾಂತವಾಗಿದ್ದಾಗ ಹತ್ತು ಹತ್ತು ರೂಪಾಯಿ ಹೆಜ್ಜೆಯಲ್ಲಿ ಬರೆಯಿರಿ, ಹಾರಾಡುತ್ತಿದ್ದಾಗ ಐನೂರರ ಹೆಜ್ಜೆಯಲ್ಲಿ. ಹೆಜ್ಜೆ ಬದಲಾಯಿತು ಎಂದು ಬೇರೆಯಾಗಿ ಬರೆಯುವ ಅಗತ್ಯವೂ ಇಲ್ಲ. ನಿನ್ನೆ ದೊಡ್ಡ ನೆಗೆತ ಕಂಡರೆ ಇವತ್ತು ಹೆಜ್ಜೆ ಹಿಗ್ಗುತ್ತದೆ, ಸಣ್ಣ ಅಲುಗಾಟ ಕಂಡರೆ ಕುಗ್ಗುತ್ತದೆ. ಬರೆಯುವವನೂ ಓದುವವನೂ ಇದೇ ನಿಯಮ ಪಾಲಿಸಿದರೆ ಇಬ್ಬರ ಹೆಜ್ಜೆಯೂ ತಾನಾಗಿ ಕೂಡುತ್ತದೆ. ಎಡಿಪಿಸಿಎಂ ಇಷ್ಟೇ. ಈ ಉಪಾಯವನ್ನು 1973ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಪತ್ರಿಕೆಯಲ್ಲಿ ವಿವರಿಸಿದವರು ಮೂವರು: ಕಮ್ಮಿಸ್ಕಿ, ಫ್ಲನಗನ್ ಮತ್ತು ನಮ್ಮ ನುಗ್ಗೇಹಳ್ಳಿ ಎಸ್. ಜಯಂತ್. ಜಯಂತ್ ಓದಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಶಿವಮೊಗ್ಗದ ಮುದ್ರಣಾಲಯದ ಮೋಡೆಮ್ಮಿನಲ್ಲಿ ಕೂತಿದ್ದ ಲೆಕ್ಕಕ್ಕೆ ಬೆಂಗಳೂರಿನ ನಂಟಿದೆ ಎಂದು ಗೊತ್ತಾದಾಗ ನನಗಂತೂ ಖುಷಿಯಾಯಿತು.

ವಾಕ್ಸ್ ಬಗೆಯನ್ನೇ ತೆಗೆದುಕೊಳ್ಳೋಣ, ಅದರ ಲೆಕ್ಕ ಬಹಿರಂಗವಾಗಿದೆ. ಅದಕ್ಕೆ 49 ಮೆಟ್ಟಿಲಿನ ಒಂದು ಏಣಿ ಇದೆ. ಮೊದಲ ಮೆಟ್ಟಿಲುಗಳು: 16, 17, 19, 21, 23, 25, 28, 31, 34, 37, 41, 45, 50, 55, 60, 66, 73, 80, 88. ಹೀಗೇ ಏರುತ್ತ ಕೊನೆಯದು 1552. ಪ್ರತಿ ಅರ್ಧ ಬೈಟೂ ಒಂದು ಅಳತೆ. ಅದರ ಮೌಲ್ಯ 8 ಅಥವಾ ಹೆಚ್ಚಾದರೆ ಅದು ಇಳಿತ, 8 ಕಳೆದು ಉಳಿದದ್ದನ್ನು ನೋಡಿ. ಕಡಿಮೆ ಇದ್ದರೆ ಏರಿಕೆ. ಉಳಿದ ಅಂಕಿಯನ್ನು 4, 2, 1 ಎಂದು ಒಡೆಯಿರಿ: 4 ಇದ್ದರೆ ಪೂರ್ತಿ ಹೆಜ್ಜೆ, 2 ಇದ್ದರೆ ಅರ್ಧ ಹೆಜ್ಜೆ, 1 ಇದ್ದರೆ ಕಾಲು ಹೆಜ್ಜೆ. ಏನೇ ಇರಲಿ, ಹೆಜ್ಜೆಯ ಎಂಟನೆಯ ಒಂದು ಭಾಗವನ್ನು ಸೇರಿಸಿಯೇ ಸೇರಿಸಬೇಕು. ಭಿನ್ನರಾಶಿ ಬಂದರೆ ಬಿಟ್ಟುಬಿಡಿ. ಆಮೇಲೆ ಏಣಿ: ಅಂಕಿ 0ಯಿಂದ 3 ಇದ್ದರೆ ಒಂದು ಮೆಟ್ಟಿಲು ಕೆಳಗೆ, 4 ಇದ್ದರೆ ಎರಡು ಮೇಲೆ, 5ಕ್ಕೆ ನಾಲ್ಕು, 6ಕ್ಕೆ ಆರು, 7ಕ್ಕೆ ಎಂಟು.

ಫೈಲಿನ ಮೊದಲ ಎರಡು ಬೈಟ್ ‘77’ ಮತ್ತು ‘2ಸಿ’ ಎಂದುಕೊಳ್ಳಿ. ಅಂದರೆ ನಾಲ್ಕು ಅಳತೆ: 7, 7, 2, ಸಿ. ಶುರುವಿನಲ್ಲಿ ಮೌಲ್ಯ 0, ಹೆಜ್ಜೆ 16.

ಮೊದಲ 7: 16, 8, 4, 2 ಕೂಡಿಸಿದರೆ 30. ಮೌಲ್ಯ 30. ಎಂಟು ಮೆಟ್ಟಿಲು ಹತ್ತಿ, ಹೆಜ್ಜೆ 34.

ಎರಡನೆಯ 7: 34, 17, 8, 4 ಕೂಡಿಸಿದರೆ 63. ಮೌಲ್ಯ 93. ಮತ್ತೆ ಎಂಟು ಹತ್ತಿ, ಹೆಜ್ಜೆ 73.

ಮೂರನೆಯದು 2: ಅರ್ಧ ಹೆಜ್ಜೆ 36, ಎಂಟನೆಯ ಒಂದು ಭಾಗ 9, ಒಟ್ಟು 45. ಮೌಲ್ಯ 138. ಒಂದು ಮೆಟ್ಟಿಲು ಇಳಿದು, ಹೆಜ್ಜೆ 66.

ನಾಲ್ಕನೆಯದು ಸಿ, ಅಂದರೆ ಹನ್ನೆರಡು. 8 ಕಳೆದರೆ 4, ಇಳಿತ. 66 ಮತ್ತು 8 ಕೂಡಿ 74. ಮೌಲ್ಯ 138ರಿಂದ 64ಕ್ಕೆ ಬಿತ್ತು. ಹೆಜ್ಜೆ 80.

30, 93, 138, 64. ಒಂದು ಸಣ್ಣ ಅಲೆ ಎದ್ದು ಬಾಗಿತು. ಈಗ ಎರಡನೆಯ ಬೈಟನ್ನು ಹಿಂದುಮುಂದಾಗಿ, ಸಿ ಮೊದಲು 2 ಆಮೇಲೆ ಎಂದು ಓದಿ ನೋಡಿ: 30, 93, 11, 66 ಬರುತ್ತದೆ. ಅಲೆ ಮುರಿದು ಗರಗಸದ ಹಲ್ಲಾಯಿತು. ಅರ್ಧ ಬೈಟುಗಳ ಸರದಿ ತಪ್ಪಿದ ಫೈಲಿನಲ್ಲಿ ಮಾತು ಕೇಳಿಸುತ್ತದೆ, ಆದರೆ ತಗಡು ಉಜ್ಜಿದಂತೆ ಕೇಳಿಸುತ್ತದೆ. ಅದಕ್ಕೆ ಕಾರಣ ಇದೇ. ಸಾಕ್ಸ್ ಎಂಬ ಉಚಿತ ಉಪಕರಣದಲ್ಲಿ ಈ ಸರದಿಯನ್ನು ತಿರುಗಿಸುವ ಸೌಲಭ್ಯವಿದೆ.

ಹಂತ 6: ನಡುವೆ ಸೇರಿಕೊಂಡ ಸಂಕೇತಗಳನ್ನು ಕಿತ್ತುಹಾಕಿ

ಇದು ಎಲ್ಲರಿಗೂ ಬೇಕಾಗುವುದಿಲ್ಲ. ವಿಗೆಟ್ಟಿಯಂಥವು ಮೊದಲೇ ಸೋಸಿ ಇಟ್ಟಿರುತ್ತವೆ. ಮೋಡೆಮ್ ಕೊಟ್ಟದ್ದನ್ನು ಕೊಟ್ಟ ಹಾಗೆಯೇ ಡಿಸ್ಕಿಗೆ ಸುರಿದಿದ್ದರೆ ಮಾತ್ರ ಈ ಕೆಲಸ.

ದನಿಯೂ ಸಂಕೇತವೂ ಒಂದೇ ತಂತಿಯಲ್ಲಿ ಬರುವುದರಿಂದ ಮೋಡೆಮ್ ಒಂದು ಗುರುತು ಇಟ್ಟುಕೊಂಡಿತ್ತು: ಹೆಕ್ಸ್ 10. ‘ಇದರ ಮುಂದಿನ ಬೈಟ್ ದನಿಯಲ್ಲ, ಸಮಾಚಾರ’ ಎಂದು ಅದರ ಅರ್ಥ. 10ರ ನಂತರ 03 ಬಂದರೆ ದನಿ ಮುಗಿಯಿತು. 35 ಬಂದರೆ ಕರೆ ಮಾಡಿದವರು 5ರ ಗುಂಡಿ ಒತ್ತಿದರು. 62 ಬಂದರೆ ಎಂಗೇಜ್ ಸದ್ದು, 73 ಬಂದರೆ ಮೌನ, 63 ಬಂದರೆ ಆ ಕಡೆ ಫ್ಯಾಕ್ಸ್ ಯಂತ್ರ ಇದೆ. ಹಾಗಾದರೆ ದನಿಯಲ್ಲೇ ನಿಜವಾದ ಹೆಕ್ಸ್ 10 ಬಂದರೆ? ಆಗ ಅದನ್ನು ಎರಡು ಸಲ ಬರೆಯುತ್ತದೆ: 10 10.

ಬೈಟುಗಳೆಲ್ಲ ಸಮನಾಗಿ ಹಂಚಿವೆ ಎಂದುಕೊಂಡರೂ 3600ರಲ್ಲಿ 256ಕ್ಕೊಂದರಂತೆ ಸೆಕೆಂಡಿಗೆ ಹದಿನಾಲ್ಕು ಕಡೆ ಇಂಥ ಜೋಡಿ ಇರುತ್ತದೆ. ಹಾಗೇ ಬಿಟ್ಟರೆ ಒಂದೊಂದು ಕಡೆಯೂ ಹೆಜ್ಜೆಯ ಲೆಕ್ಕ ತಪ್ಪಿ ಕರ್ರ್ ಎನ್ನುತ್ತದೆ.

ಹೆಕ್ಸ್ ಎಡಿಟರಿನ ‘ಹುಡುಕಿ ಬದಲಿಸು’ ಬಳಸುವಾಗ ಎಚ್ಚರ. ‘10 10’ ಇದ್ದಲ್ಲಿ ‘10’ ಎಂದು ಬದಲಿಸುವ ಕೆಲಸವನ್ನು ಒಂದೇ ಸಲ ಮಾಡಬೇಕು. ಎರಡನೆಯ ಸಲ ಮಾಡಿದರೆ ಪಕ್ಕಪಕ್ಕ ಬಂದ ನಿಜವಾದ ‘10’ಗಳೂ ಹೋಗುತ್ತವೆ. ‘10 03’ ಕಂಡಲ್ಲೆಲ್ಲ ಅಳಿಸಲೂ ಹೋಗಬೇಡಿ. ‘10 10 03’ ಎಂದಿದ್ದರೆ ಮೊದಲೆರಡು ಸೇರಿ ದನಿಯ ಒಂದು ‘10’, 03 ಸ್ವತಂತ್ರ ದನಿ. ಎಡದಿಂದ ಬಲಕ್ಕೆ, ಒಂದೇ ಓದಿನಲ್ಲಿ, ಎರಡೆರಡಾಗಿ ಬಿಡಿಸಿಕೊಂಡು ಹೋಗಬೇಕು. ಹತ್ತು ಸಾಲಿನ ಪ್ರೋಗ್ರಾಮ್ ಬರೆಯಬಲ್ಲ ಹುಡುಗರು ಮನೆಯಲ್ಲಿದ್ದರೆ ಇದನ್ನು ಅವರಿಗೆ ವಹಿಸಿ, ಕಾಫಿ ಕೊಟ್ಟರೆ ಮಾಡಿಕೊಡುತ್ತಾರೆ.

ಹಂತ 7: ಆಡಾಸಿಟಿಗೆ ಕೊಟ್ಟು ಕೇಳಿ

ಆಡಾಸಿಟಿಯಲ್ಲಿ ಫೈಲ್ ಮೆನು, ಇಂಪೋರ್ಟ್, ಅದರೊಳಗೆ ರಾ ಡೇಟಾ. ಒಂದು ಪುಟ್ಟ ಕಿಟಕಿ ತೆರೆಯುತ್ತದೆ. ಎನ್‌ಕೋಡಿಂಗ್ ಪಟ್ಟಿಯಲ್ಲಿ ಎ-ಲಾ, ಯೂ-ಲಾ (ಮ್ಯೂ-ಲಾ ಎಂಬುದನ್ನು ಅದು ಹೀಗೆ ಬರೆಯುತ್ತದೆ), ಜಿಎಸ್‌ಎಂ 6.10, ವಾಕ್ಸ್ ಎಡಿಪಿಸಿಎಂ ಎಲ್ಲ ಸಿಗುತ್ತವೆ. ಚಾನೆಲ್ ಒಂದೇ, ಮೋನೋ. ಸ್ಯಾಂಪಲ್ ರೇಟಿನಲ್ಲಿ ನೀವು ಲೆಕ್ಕ ಹಾಕಿದ ಅಂಕಿ. ಗುರುತು ಸಿಗದ ತಲೆ ಏನಾದರೂ ಇದ್ದರೆ ಅದು ಎಷ್ಟು ಬೈಟೋ ಅಷ್ಟನ್ನು ಸ್ಟಾರ್ಟ್ ಆಫ್‌ಸೆಟ್‌ನಲ್ಲಿ ಬರೆದು ದಾಟಿಸಿ.

ಕೇಳುವ ಮೊದಲು ವಾಲ್ಯೂಮ್ ಇಳಿಸಿ, ಹೆಡ್‌ಫೋನ್ ತೆಗೆದಿಡಿ. ಲೆಕ್ಕ ತಪ್ಪಿದ್ದರೆ ಹೊರಡುವ ಸದ್ದು ಕಿವಿಗೆ ಬಡಿಯುತ್ತದೆ.

ಈಗ ಕಿವಿಯ ಕೆಲಸ. ಬರೀ ಭೋರೆಂಬ ಸದ್ದಾದರೆ ಬಗೆಯೇ ತಪ್ಪು. ಮಾತು ಸ್ಪಷ್ಟ, ಆದರೆ ಆಳು ಅವಸರದಲ್ಲಿದ್ದಂತೆ, ದನಿ ಕೀರಲಾದಂತೆ ಇದ್ದರೆ ಬಗೆ ಸರಿ, ವೇಗ ತಪ್ಪು. 7200ರದ್ದನ್ನು 8000ದಲ್ಲಿ ಓಡಿಸಿದರೆ ಶೇಕಡಾ 11ರಷ್ಟು ಬೇಗ ಓಡುತ್ತದೆ. ಅಪರಿಚಿತರ ದನಿಯಾದರೆ ಈ ತಪ್ಪು ಗೊತ್ತೇ ಆಗುವುದಿಲ್ಲ, ಮನೆಯವರ ದನಿಯಾದರೆ ತಕ್ಷಣ ಗೊತ್ತಾಗುತ್ತದೆ. ನಾನು ಮೊದಲು ಸರಿ ಎಂದುಕೊಂಡದ್ದನ್ನು ಕೇಳಿ ಚಿಕ್ಕಮ್ಮ, “ಇದು ಅವರ ತಮ್ಮನ ಥರ ಇದೆ” ಅಂದುಬಿಟ್ಟರು. ಎ-ಲಾ ಮ್ಯೂ-ಲಾ ಅದಲುಬದಲಾದರೆ ಮಾತು ಅರ್ಥವಾಗುತ್ತದೆ, ಒಡೆದ ಸ್ಪೀಕರಿನಲ್ಲಿ ಕೇಳಿದಂತಿರುತ್ತದೆ.

ಎಲ್ಲ ಸರಿಯಾದ ಮೇಲೂ ಅಲ್ಲಲ್ಲಿ ಟಿಕ್ ಟಿಕ್ ಎಂದರೆ ಅದು ನಿಮ್ಮ ತಪ್ಪಲ್ಲ. ಆವತ್ತು ಕಂಪ್ಯೂಟರ್ ಬೇರೆ ಕೆಲಸದಲ್ಲಿ ಮುಳುಗಿದ್ದಾಗ ಓಣಿಯಲ್ಲಿ ಕೆಲವು ಬೈಟುಗಳು ಬಿದ್ದುಹೋಗಿವೆ. ಅವು ಇನ್ನು ಸಿಗುವುದಿಲ್ಲ. ‘ಸ’ಕಾರವೆಲ್ಲ ‘ಫ’ಕಾರದಂತೆ ಕೇಳಿಸಿದರೂ ಒದ್ದಾಡಬೇಡಿ. ‘ಸ’ದ ಸೀಟಿಯಂಥ ಭಾಗದ ಬಹುಪಾಲು 3400 ಹರ್ಟ್ಸ್‌ಗಿಂತ ಮೇಲಿರುತ್ತದೆ, ತಂತಿಯೇ ಅದನ್ನು ಬಿಟ್ಟುಕೊಂಡಿಲ್ಲ.

ಹಂತ 8: ರಾಕ್‌ವೆಲ್, ಜೈಕ್ಸೆಲ್ ಆದರೆ ಬೇರೆ ದಾರಿ

ಇವುಗಳ ಎಡಿಪಿಸಿಎಂ ಅವರವರ ಮನೆಯದೇ ಲೆಕ್ಕ, ಆಡಾಸಿಟಿಗೆ ಬರುವುದಿಲ್ಲ. ವಾಕ್ಸ್ ಎಂದು ಹೇಳಿ ಓದಿಸಿದರೆ ಮಾತಿನ ನೆರಳು ಕಾಣಿಸಬಹುದು, ಅದನ್ನು ನಂಬಿ ಕೂರಬೇಡಿ. ಡೆಬಿಯನ್ ಅಥವಾ ಅದರ ವಂಶದ ಲಿನಕ್ಸಿನಲ್ಲಿ ಎಂಗೆಟ್ಟಿ-ಪಿವಿಎಫ್‌ಟೂಲ್ಸ್ ಎಂಬ ಪ್ಯಾಕೇಜ್ ಹಾಕಿಕೊಳ್ಳಿ. ಅದರ ದಾರಿ ಎರಡು ಮಜಲಿನದು: ಮೋಡೆಮ್ ಡೇಟಾದಿಂದ ಪಿವಿಎಫ್, ಪಿವಿಎಫ್‌ನಿಂದ ವೇವ್. ಎಲ್ಲ ಕಂಪನಿಯ ಭಾಷೆಯನ್ನೂ ಮೊದಲು ಒಂದು ನಡುಭಾಷೆಗೆ ತಂದು ಆಮೇಲೆ ಬೇಕಾದ್ದಕ್ಕೆ ಒಯ್ಯುವ ಏರ್ಪಾಡು.

ತೊಡಕು ಒಂದೇ: ಅದಕ್ಕೆ ತಲೆ ಬೇಕು, ನಮ್ಮದು ತಲೆಯಿಲ್ಲದ ಫೈಲ್. ಹೀಗೆ ಮಾಡಿ. ಯಾವುದಾದರೂ ಒಂದು ಸೆಕೆಂಡಿನ ವೇವ್ ತೆಗೆದುಕೊಂಡು ಅದನ್ನು ಪಿವಿಎಫ್ ಮಾಡಿ, ವೇಗವನ್ನು 7200ಕ್ಕೆ ಇಳಿಸಿ, ಅದೇ ಉಪಕರಣಗಳಿಂದ ‘ರಾಕ್‌ವೆಲ್, 4 ಬಿಟ್’ ಮೋಡೆಮ್ ಡೇಟಾ ಆಗಿ ಬದಲಿಸಿ. ಹೊಸ ಫೈಲಿನ ಮೊದಲ 32 ಬೈಟನ್ನು ಕತ್ತರಿಸಿ ನಿಮ್ಮ ಹಳೆಯ ಫೈಲಿನ ಮುಂದೆ ಅಂಟಿಸಿ. ಗಣಪತಿಗೆ ಆನೆಯ ತಲೆ ಇಟ್ಟಂತೆ. ಚಿಕ್ಕಪ್ಪನ ಫೈಲುಗಳು ಬಾಯಿ ಬಿಟ್ಟದ್ದು ಹೀಗೆಯೇ.

ಹಂತ 9: ಉಳಿಸಿಡುವುದು

16 ಬಿಟ್ಟಿನ ಮೋನೋ ವೇವ್ ಆಗಿ, ಮೂಲದ ವೇಗದಲ್ಲೇ ಉಳಿಸಿ. 44,100ಕ್ಕೆ ಏರಿಸಿದರೆ ಗಾತ್ರ ಹೆಚ್ಚುತ್ತದೆ, ದನಿ ಹೆಚ್ಚುವುದಿಲ್ಲ. ಗುಂಯ್‌ಗುಡುವ ಕರೆಂಟಿನ ಸದ್ದಿದ್ದರೆ 200 ಹರ್ಟ್ಸ್‌ನ ಕೆಳಗಿನದನ್ನು ಫಿಲ್ಟರಿನಿಂದ ಕತ್ತರಿಸಬಹುದು. ನಾಯ್ಸ್ ರಿಡಕ್ಷನ್ ಕಡೆಗೆ ಕೈ ಹಾಕದಿದ್ದರೆ ಒಳ್ಳೆಯದು. ಎಡಿಪಿಸಿಎಂನ ಸೊರಗುಡುವಿಕೆ ಮಾತಿಗೇ ಅಂಟಿಕೊಂಡಿರುತ್ತದೆ, ಅದನ್ನು ಕೀಳಲು ಹೋದರೆ ಮನುಷ್ಯ ನೀರಿನೊಳಗಿಂದ ಮಾತಾಡಿದಂತಾಗುತ್ತದೆ. ಫೈಲಿನ ಹೆಸರಲ್ಲೇ ಬಗೆ, ವೇಗ, ಬಿಟ್ ಬರೆಯಿರಿ. ತಲೆಯಿಲ್ಲದ ಮೂಲವನ್ನೂ ಜೊತೆಗೇ ಇಡಿ.

ಕೊನೆಗೆ ಫ್ಯಾಕ್ಸಿನ ಮಾತು. ಚಿಕ್ಕಪ್ಪನ ಸೀಡಿಯ ಹತ್ತಾರು ಫೈಲುಗಳಲ್ಲಿ ಮಾತೇ ಇರಲಿಲ್ಲ, ಅರ್ಧ ಸೆಕೆಂಡಿನ ಒಂದು ಕೂಗು, ಮೂರು ಸೆಕೆಂಡು ಮೌನ, ಮತ್ತೆ ಕೂಗು. ಆಡಾಸಿಟಿಯಲ್ಲಿ ಕೂಗಿನ ಭಾಗವನ್ನಷ್ಟೇ ಆರಿಸಿ, ಅನಲೈಸ್ ಮೆನುವಿನ ಪ್ಲಾಟ್ ಸ್ಪೆಕ್ಟ್ರಮ್ ಒತ್ತಿದೆ. 1100 ಹರ್ಟ್ಸ್‌ನಲ್ಲಿ ಒಂಟಿ ಗೋಪುರ ಎದ್ದು ನಿಂತಿತ್ತು. ಅದು ಕರೆ ಮಾಡುವ ಫ್ಯಾಕ್ಸ್ ಯಂತ್ರದ ‘ನಾನು ಫ್ಯಾಕ್ಸ್, ಅಲ್ಲಿ ಯಾರಾದರೂ ಇದ್ದೀರಾ’ ಎಂಬ ಕೂಗು. ಸರಿಯಾದ ಉತ್ತರ 2100 ಹರ್ಟ್ಸ್‌ನದು. ಮೋಡೆಮ್ ಆ ಕೂಗನ್ನು ಗುರುತಿಸಿ ಫ್ಯಾಕ್ಸಿಗೆ ಹೊರಳಿಕೊಳ್ಳಬೇಕಿತ್ತು, ಹೊರಳಿಕೊಂಡಿಲ್ಲ. ಯಾರೋ ಲಗ್ನಪತ್ರಿಕೆಯ ಕರಡು ಕಳಿಸಲು ರಾತ್ರಿಯೆಲ್ಲ ಯತ್ನಿಸಿದ್ದಾರೆ, ಆ ಯಂತ್ರಕ್ಕೆ ಚಿಕ್ಕಪ್ಪ ಪ್ರತಿ ಸಲವೂ ಅಷ್ಟೇ ಸಾವಧಾನವಾಗಿ ‘ಅಂಗಡಿ ಮುಚ್ಚಿದೆ’ ಎಂದು ಹೇಳಿದ್ದಾರೆ.